ಅಡುಗೆಮನೆ ಸಾಮಾನುಗಳೇ ಸಾಕ್ಷಿ: ‘ಟ್ರೈಫಲ್ಸ್’ ಆಡಹೊರಟವರಿಗೆ ಒಂದು ಉತ್ತರ

ಪ್ರಶ್ನೆ: ನಮ್ಮದು ಹವ್ಯಾಸಿ ನಾಟಕ ತಂಡ. ಅಮೆರಿಕದ ಲೇಖಕಿ ಸೂಸನ್ ಗ್ಲಾಸ್ಪೆಲ್ ಅವರ ‘ಟ್ರೈಫಲ್ಸ್’ ಏಕಾಂಕವನ್ನು ಕನ್ನಡಕ್ಕೆ ತಂದು ಆಡಬೇಕು ಅಂತ ಇದ್ದೇವೆ. ಓದಿದ ಟಿಪ್ಪಣಿಗಳಲ್ಲೆಲ್ಲ ಪಂಜರ ಅಂದರೆ ಮದುವೆ, ಹಕ್ಕಿ ಅಂದರೆ ಹೆಂಡತಿ ಎಂದು ಬರೆದಿದ್ದಾರೆ. ಹಾಗಾದರೆ ಬ್ರೆಡ್ಡು, ಟವೆಲ್ಲು, ಹಣ್ಣಿನ ಬಾಟಲಿ, ಕೌದಿ ಇವೆಲ್ಲ ಯಾವುದರ ಸಂಕೇತ? ರಂಗದ ಮೇಲೆ ಇಷ್ಟೊಂದು ಸಾಮಾನು ಬೇಕೇ ಬೇಕಾ, ಮೈಮ್ ಮಾಡಿದರೆ ಸಾಲದಾ? ಕಥೆಯನ್ನು ನಮ್ಮ ಕಡೆಯ ಹಳ್ಳಿಗೆ ತಂದರೆ ಹೇಗೆ?

ಉತ್ತರ: ಒಳ್ಳೆಯ ನಾಟಕವನ್ನೇ ಆರಿಸಿದ್ದೀರಿ. ಆದರೆ ಆ ಟಿಪ್ಪಣಿಗಳನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಈ ನಾಟಕದ ಸಾಮಾನುಗಳನ್ನು ಮೊದಲು ಸಾಮಾನಾಗಿಯೇ ನೋಡಬೇಕು. ಯಾರು ಅದನ್ನು ಬಳಸುತ್ತಿದ್ದರು, ಯಾವ ಕೆಲಸಕ್ಕೆ, ಆ ಕೆಲಸ ಎಲ್ಲಿಗೆ ನಿಂತಿತು ಎಂದು ಕೇಳಬೇಕು. ನಾಟಕದ ಇಬ್ಬರು ಹೆಂಗಸರು ಮಾಡುವುದೂ ಅದನ್ನೇ. ಅವರು ಸಂಕೇತ ಹುಡುಕುತ್ತಿಲ್ಲ, ಕೆಲಸದ ಗುರುತು ಓದುತ್ತಿದ್ದಾರೆ. ಸಂಕೇತ ಅದರ ಹಿಂದೆಯೇ ಬರುತ್ತದೆ.

ನಾಟಕ ಓದಿರದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಜಾನ್ ರೈಟ್ ಎಂಬ ರೈತನನ್ನು ರಾತ್ರಿ ಹಾಸಿಗೆಯಲ್ಲೇ ಕುತ್ತಿಗೆಗೆ ಹಗ್ಗ ಬಿಗಿದು ಯಾರೋ ಕೊಂದಿದ್ದಾರೆ. ಹೆಂಡತಿ ಮಿನ್ನಿ ಜೈಲಿನಲ್ಲಿದ್ದಾಳೆ. ಶೆರಿಫ್ (ಅಲ್ಲಿನ ಪೊಲೀಸ್ ಅಧಿಕಾರಿ) ಪೀಟರ್ಸ್, ಸರ್ಕಾರಿ ವಕೀಲ ಹೆಂಡರ್ಸನ್, ಹೆಣವನ್ನು ಮೊದಲು ಕಂಡ ನೆರೆಯ ರೈತ ಹೇಲ್ ಮನೆ ತಪಾಸಣೆಗೆ ಬರುತ್ತಾರೆ. ಕೊಲೆಗೆ ಕಾರಣ ಏನು ಅನ್ನುವುದು ಅವರಿಗೆ ಬೇಕು. ಮಿನ್ನಿಗೆ ಬಟ್ಟೆ ಒಯ್ಯಲು ಶೆರಿಫನ ಹೆಂಡತಿ, ಹೇಲ್‌ನ ಹೆಂಡತಿ ಜೊತೆಗೆ ಬಂದಿದ್ದಾರೆ. ಗಂಡಸರು ಮಹಡಿ ಹತ್ತುತ್ತಾರೆ, ಕೊಟ್ಟಿಗೆಗೆ ಹೋಗುತ್ತಾರೆ. ಹೆಂಗಸರು ಅಡುಗೆಮನೆಯಲ್ಲೇ ಉಳಿಯುತ್ತಾರೆ. ಮುರಿದ ಪಂಜರ, ಕತ್ತು ತಿರುಚಿದ ಸತ್ತ ಹಕ್ಕಿ ಅವರ ಕೈಗೆ ಸಿಗುತ್ತವೆ. ಹಕ್ಕಿಯನ್ನು ಜಾನ್ ಕೊಂದ, ಅದಕ್ಕೇ ಮಿನ್ನಿ ಅವನನ್ನು ಕೊಂದಳು ಎಂದು ಅವರಿಗೆ ಹೊಳೆಯುತ್ತದೆ, ಆ ಸಾಕ್ಷಿಯನ್ನು ಬಚ್ಚಿಡುತ್ತಾರೆ. ಇಡೀ ನಾಟಕ ನಡೆಯುವುದು ಅಲ್ಲೇ. ಜಾನ್ ಆಗಲಿ ಮಿನ್ನಿ ಆಗಲಿ ಒಮ್ಮೆಯೂ ರಂಗಕ್ಕೆ ಬರುವುದಿಲ್ಲ. ಆ ಮದುವೆ ಹೇಗಿತ್ತು ಅನ್ನುವುದನ್ನು ಪಾತ್ರೆ, ಬಟ್ಟೆ, ಕುರ್ಚಿ, ದಾರಗಳಿಂದಲೇ ನಾವು ತಿಳಿಯಬೇಕು.

ಇದರ ಹಿಂದೆ ನಿಜವಾದ ಪ್ರಕರಣವೊಂದಿದೆ. 1900ರ ಡಿಸೆಂಬರ್‌ನಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಜಾನ್ ಹೊಸಾಕ್ ಎಂಬ ರೈತ ಹಾಸಿಗೆಯಲ್ಲಿ ಕೊಡಲಿ ಏಟಿಗೆ ಸತ್ತ. ಹೆಂಡತಿ ಮಾರ್ಗರೆಟ್ ಮೇಲೆ ಕೇಸಾಯಿತು. ಗ್ಲಾಸ್ಪೆಲ್ ಆಗ ಇಪ್ಪತ್ತರ ಹರೆಯದ ಪತ್ರಕರ್ತೆ. ‘ಡೆಮೊಯಿನ್ ಡೈಲಿ ನ್ಯೂಸ್’ ಪತ್ರಿಕೆಗೆ ಈ ಕೇಸಿನ ವರದಿ ಬರೆದವರು. ಆ ಮನೆಯ ಅಡುಗೆಮನೆಗೆ ಕಾಲಿಟ್ಟದ್ದನ್ನು ತಾನು ಮರೆಯಲೇ ಇಲ್ಲ ಎಂದು ಅವರೇ ಮುಂದೆ ಬರೆದಿದ್ದಾರೆ. 1901ರಲ್ಲಿ ಮಾರ್ಗರೆಟ್‌ಗೆ ಶಿಕ್ಷೆಯಾಯಿತು. ಮರುವರ್ಷ ರಾಜ್ಯದ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. 1903ರ ಎರಡನೇ ವಿಚಾರಣೆಯಲ್ಲಿ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ನಾಗರಿಕರ ಮಂಡಳಿ, ಒಮ್ಮತಕ್ಕೆ ಬರಲಿಲ್ಲ. ನಾಟಕ ಮೊದಲು ರಂಗಕ್ಕೆ ಬಂದದ್ದು 1916ರ ಆಗಸ್ಟ್ 8ರಂದು, ಮ್ಯಾಸಚೂಸೆಟ್ಸ್‌ನ ಪ್ರಾವಿನ್ಸ್‌ಟೌನ್‌ನಲ್ಲಿ. ಮಿಸೆಸ್ ಹೇಲ್ ಪಾತ್ರ ಮಾಡಿದವರು ಸ್ವತಃ ಗ್ಲಾಸ್ಪೆಲ್. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಅಯೋವಾದ ಗಂಡಸರು ಹೆಂಗಸರಿಗೆ ಓಟಿನ ಹಕ್ಕು ಕೊಡುವ ಪ್ರಸ್ತಾಪವನ್ನು ಮತ ಹಾಕಿ ಸೋಲಿಸಿದ್ದರು. ಜ್ಯೂರಿಯಲ್ಲಂತೂ ಹೆಂಗಸರಿಗೆ ಜಾಗವೇ ಇರಲಿಲ್ಲ.

ಇಲ್ಲಿ ಎರಡು ಬದಲಾವಣೆ ಗಮನಿಸಿ. ನಿಜದ ಕೊಡಲಿ ನಾಟಕದಲ್ಲಿ ಹಗ್ಗವಾಗಿದೆ. ನಿಜದ ಮನೆಯಲ್ಲಿ ಮಕ್ಕಳಿದ್ದರು, ನಾಟಕದ ಮನೆಯಲ್ಲಿ ಮಕ್ಕಳಿಲ್ಲ. ಇದು ಸುಮ್ನೆ ಮಾಡಿದ್ದಲ್ಲ. ಯಾಕೆ ಅನ್ನುವುದು ಕೌದಿಯ, ಪಂಜರದ ಮಾತು ಬಂದಾಗ ಗೊತ್ತಾಗುತ್ತದೆ.

ಈಗ ಅಡುಗೆಮನೆಗೆ ಬನ್ನಿ. ತೊಳೆಯದ ಪಾತ್ರೆಗಳು ಸಿಂಕಿನ ಕೆಳಗಿವೆ. ಬ್ರೆಡ್ಡು ಡಬ್ಬಿಯ ಹೊರಗಿದೆ. ಹೆಂಡರ್ಸನ್ ಕೈ ತೊಳೆದು ಒರೆಸಲು ಹೋಗುತ್ತಾನೆ, ಟವೆಲ್ ಕೊಳೆಯಾಗಿದೆ. ಪಾತ್ರೆಗಳನ್ನು ಕಾಲಿನಿಂದ ಒದ್ದು, ಈಕೆಗೆ ಮನೆಗೆಲಸದಲ್ಲಿ ಅಷ್ಟು ಅಚ್ಚುಕಟ್ಟಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾನೆ. ಗಂಡಸರು ಹೋದ ಮೇಲೆ, ಬೆಂಕಿ ಹೊತ್ತಿಸಲು ಬಂದ ಶೆರಿಫನ ಸಹಾಯಕನೇ ಟವೆಲ್ ಕೊಳೆ ಮಾಡಿರಬಹುದು ಎಂದು ಮಿಸೆಸ್ ಹೇಲ್ ಹೇಳುತ್ತಾಳೆ. ಆಮೇಲೆ ಅವಳ ಕಣ್ಣು ಮೇಜಿನ ಮೇಲೆ ಬೀಳುತ್ತದೆ. ಮೇಜನ್ನು ಅರ್ಧ ಮಾತ್ರ ಒರೆಸಿದೆ. ಒರೆಸುವ ಬಟ್ಟೆ ನಡುವೆಯೇ ಬಿದ್ದಿದೆ. ಡಬ್ಬಿಗೆ ಹಾಕಲು ತೆಗೆದ ಬ್ರೆಡ್ಡು ಡಬ್ಬಿಯ ಪಕ್ಕದಲ್ಲೇ ಉಳಿದಿದೆ.

ಮನೆಗೆಲಸ ಮಾಡಿದವರಿಗೆ ಇದು ಏನು ಹೇಳುತ್ತದೆ ಅಂತ ಯೋಚಿಸಿ. ಸೋಮಾರಿ ಮೇಜು ಒರೆಸುವುದೇ ಇಲ್ಲ. ಅಚ್ಚುಕಟ್ಟಿನವಳು ಪೂರ್ತಿ ಒರೆಸುತ್ತಾಳೆ. ಅರ್ಧ ಒರೆಸಿ ಕೈಬಿಟ್ಟಿದ್ದಾಳೆ ಅಂದರೆ ಆ ಹೊತ್ತಿನಲ್ಲಿ ಏನೋ ಆಗಿದೆ. ಏನಾಯಿತು ಎಂದು ನಾಟಕ ಬಿಡಿಸಿ ಹೇಳುವುದಿಲ್ಲ. ಹೆಂಡರ್ಸನ್ ಕಂಡದ್ದು ಗಲೀಜನ್ನು, ಮಿಸೆಸ್ ಹೇಲ್ ಕಂಡದ್ದು ಹೊತ್ತನ್ನು. ಈ ಬ್ರೆಡ್ಡು ಯಾವುದರ ಸಂಕೇತ ಎಂದು ಕೇಳಿದರೆ ನನ್ನ ಉತ್ತರ: ಯಾವುದರದ್ದೂ ಅಲ್ಲ. ಅದು ನಿಂತುಹೋದ ಕೆಲಸ. ಅಷ್ಟಕ್ಕೇ ಅದು ನನ್ನನ್ನು ಪ್ರತಿ ಸಲ ತಡೆದು ನಿಲ್ಲಿಸುತ್ತದೆ.

ಹಣ್ಣಿನ ಬಾಟಲಿಯ ಕಥೆ ಇನ್ನೂ ಚೆನ್ನಾಗಿದೆ. ಹೆಂಡರ್ಸನ್ ಕಪಾಟು ತೆಗೆಯುತ್ತಾನೆ, ಕೈಗೆ ಅಂಟು ಹತ್ತುತ್ತದೆ. ಬೇಸಿಗೆಯಲ್ಲಿ ಮಿನ್ನಿ ಹಾಕಿಟ್ಟಿದ್ದ ಹಣ್ಣಿನ ಬಾಟಲಿಗಳು ಒಡೆದಿವೆ. ಆ ಪ್ರದೇಶದ ಚಳಿಗಾಲದಲ್ಲಿ ಒಲೆ ಆರಿದರೆ ಮನೆಯೊಳಗೂ ನೀರು ಹೆಪ್ಪುಗಟ್ಟುತ್ತದೆ. ರಸ ಹೆಪ್ಪುಗಟ್ಟಿ ಉಬ್ಬಿದರೆ ಗಾಜು ತಡೆಯುವುದಿಲ್ಲ. ಮಿನ್ನಿ ಜೈಲಿನಲ್ಲಿದ್ದಾಳೆ, ಒಲೆಗೆ ಸೌದೆ ಹಾಕುವವರಿಲ್ಲ. ಅವಳು ಜೈಲಿನಲ್ಲಿ ಇದನ್ನೇ ಹೇಳಿ ಚಿಂತೆ ಮಾಡುತ್ತಿದ್ದಳು ಎಂದು ಶೆರಿಫನ ಹೆಂಡತಿ ನೆನೆಯುತ್ತಾಳೆ. ಶೆರಿಫ್ ನಗುತ್ತಾನೆ. ಕೊಲೆ ಆರೋಪ ತಲೆ ಮೇಲಿರುವಾಗ ಹಣ್ಣಿನ ಚಿಂತೆಯೇ ಅಂತ. ಹೆಂಗಸರು ಸಣ್ಣಪುಟ್ಟದ್ದಕ್ಕೆಲ್ಲ ತಲೆಕೆಡಿಸಿಕೊಳ್ಳುತ್ತಾರೆ ಎಂದು ಹೇಲ್ ದನಿಗೂಡಿಸುತ್ತಾನೆ. ‘ಟ್ರೈಫಲ್ಸ್’ ಅಂದರೆ ಸಣ್ಣಪುಟ್ಟ ಸಂಗತಿಗಳು. ನಾಟಕದ ಹೆಸರು ಹುಟ್ಟಿದ್ದೇ ಈ ಮಾತಿನಿಂದ.

ಆದರೆ ಲೆಕ್ಕ ಹಾಕಿ ನೋಡಿ. ಬಿರುಬೇಸಿಗೆಯಲ್ಲಿ, ಉರಿಯುವ ಒಲೆಯ ಮುಂದೆ ನಿಂತು ಚೆರ್ರಿ ಬೇಯಿಸಿ, ಬಾಟಲಿಗೆ ತುಂಬಿ, ಬಾಯಿ ಬಿಗಿದು ಇಡುವುದು ವರ್ಷದ ಕೆಲಸ. ಚಳಿಗಾಲವಿಡೀ ಮನೆಯವರ ಬಾಯಿಗೆ ರುಚಿ ಅಂತ ಏನಾದರೂ ಹತ್ತುವುದು ಅದರಿಂದಲೇ. ಅದು ಒಂದು ರಾತ್ರಿಗೆ ಹೋಯಿತು. ಆ ಮನೆಯಲ್ಲಿ ಮಿನ್ನಿಗೆ ತನ್ನದು ಎಂದು ಹೇಳಿಕೊಳ್ಳಲು ಇದ್ದದ್ದೇ ಈ ದುಡಿಮೆ. ಹಾಗಾಗಿ ಅವಳ ಚಿಂತೆ ಹುಚ್ಚಲ್ಲ. ಒಂದೇ ಒಂದು ಬಾಟಲಿ ಉಳಿದಿದೆ. ಕೊನೆಯ ಭಾಗದಲ್ಲಿ ಮಿಸೆಸ್ ಹೇಲ್ ಅದನ್ನು ಶೆರಿಫನ ಹೆಂಡತಿಯ ಕೈಗೆ ಕೊಟ್ಟು, ಹಣ್ಣಿಗೆ ಏನೂ ಆಗಿಲ್ಲ, ಎಲ್ಲಾ ಚೆನ್ನಾಗಿದೆ ಎಂದು ಅವಳಿಗೆ ಹೇಳು ಅನ್ನುತ್ತಾಳೆ. ಇದು ಇಬ್ಬರು ಸೇರಿ ಹೇಳಲು ಒಪ್ಪುವ ಸುಳ್ಳು. ಹೆಣ್ಣಿಗೆ ಹೆಣ್ಣು ಹೇಳಿ ಕಳಿಸುವ ಸಮಾಧಾನ ಕೂಡ. ಬಾಟಲಿಯನ್ನು ಒಳಲಂಗದ ಬಟ್ಟೆಯಲ್ಲಿ ಸುತ್ತುವ ಕೈಯನ್ನು ಅವಸರ ಮಾಡಿಸಬೇಡಿ.

ಬಟ್ಟೆ, ಒಲೆಗಳ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಮಾಸಿದ ಕಪ್ಪು ಉಡುಪು ಗಂಡನ ಜಿಪುಣತನವನ್ನು ಹೇಳುತ್ತದೆ. ಒಡಕು ಒಲೆ ಅವಳ ದಿನದ ಪಾಡನ್ನು ಹೇಳುತ್ತದೆ. ಏಪ್ರನ್ ಮಾತ್ರ ಬೇರೆ. ಹೇಲ್ ಬಂದಾಗ ಮಿನ್ನಿ ತೂಗುಕುರ್ಚಿಯಲ್ಲಿ ಕೂತು ಏಪ್ರನ್ನಿಗೆ ನೆರಿಗೆ ಹಿಡಿಯುತ್ತಿದ್ದಳು. ಗಂಡ ಸತ್ತ ಸುದ್ದಿಯನ್ನೂ ನೆರಿಗೆ ಹಿಡಿಯುತ್ತಲೇ ಹೇಳಿದಳು. ಜೈಲಿನಿಂದ ಒಂದು ಏಪ್ರನ್ ಬೇಕು ಎಂದು ಹೇಳಿಕಳಿಸಿದ್ದಾಳೆ. ಜೈಲಿನಲ್ಲಿ ಬಟ್ಟೆಗೆ ಕೊಳೆ ಹತ್ತುವ ಕೆಲಸವಾದರೂ ಏನಿದೆ ಎಂದು ಶೆರಿಫನ ಹೆಂಡತಿಗೆ ಅಚ್ಚರಿ. ಅದನ್ನು ಕಟ್ಟಿಕೊಂಡರೆ ಮಿನ್ನಿಗೆ ತಾನು ತಾನಾಗಿ ಇದ್ದಂತೆ ಅನಿಸಬಹುದು ಎಂದು ಅವಳೇ ಊಹಿಸುತ್ತಾಳೆ. ಹೀಗೆ ಆ ಮನೆಯಲ್ಲಿ ಅವಳನ್ನು ದುಡಿಮೆಗೆ ಕಟ್ಟಿಹಾಕಿದ ವಸ್ತುವೇ ಹೊರಗೆ ಅವಳಿಗೆ ಆಸರೆಯಾಗಿದೆ. ಈ ಎರಡು ಮುಖವನ್ನು ಒಂದೇ ಅರ್ಥಕ್ಕೆ ಇಳಿಸಲು ಹೋದರೆ ಏಪ್ರನ್ ಸತ್ತುಹೋಗುತ್ತದೆ.

ಇನ್ನು ಕೌದಿ. ನಾಟಕದ ಜೀವ ಇಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ, ಪಂಜರದಲ್ಲಿ ಅಲ್ಲ.

ಹೊಲಿಗೆ ಬುಟ್ಟಿಯಲ್ಲಿ ಚೌಕ ಚೌಕ ತುಂಡುಗಳಿವೆ. ಬಟ್ಟೆಯ ಪಟ್ಟಿಗಳನ್ನು ಸುತ್ತಲೂ ಜೋಡಿಸುವ, ಅಲ್ಲಿಯವರಿಗೆ ಚೆನ್ನಾಗಿ ಗೊತ್ತಿದ್ದ ‘ಲಾಗ್ ಕ್ಯಾಬಿನ್’ ಮಾದರಿ. ಹೆಸರೇ ಮರದ ದಿಮ್ಮಿಯ ಮನೆಯದ್ದು. ಮಿಸೆಸ್ ಹೇಲ್‌ಗೆ ಒಂದು ಕುತೂಹಲ. ಪದರಗಳನ್ನು ಸೇರಿಸಿ ಉದ್ದಕ್ಕೂ ಹೊಲಿಗೆ ಹಾಕಬೇಕೆಂದಿದ್ದಳೋ, ಅಲ್ಲಲ್ಲಿ ದಾರ ತೂರಿಸಿ ಗಂಟು ಹಾಕಬೇಕೆಂದಿದ್ದಳೋ? ಅದೇ ಹೊತ್ತಿಗೆ ಗಂಡಸರು ಒಳಬಂದು ನಗುತ್ತಾರೆ. ಮಾತು ಅಷ್ಟಕ್ಕೆ ನಿಲ್ಲುತ್ತದೆ.

ಆಮೇಲೆ ಒಂದು ತುಂಡು ಸಿಗುತ್ತದೆ. ಉಳಿದೆಲ್ಲದರ ಹೊಲಿಗೆ ಸಮ, ನೀಟು. ಇದೊಂದರದ್ದು ಮಾತ್ರ ಎಲ್ಲೆಂದರಲ್ಲಿ ಓಡಿದೆ. ಹೊಲಿಯುತ್ತಿದ್ದವಳ ಕೈ ಯಾವುದೋ ಹೊತ್ತಿನಲ್ಲಿ ತಪ್ಪಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ, ಕಣ್ಣು ತಪ್ಪಿಸುತ್ತಾರೆ. ಮಿಸೆಸ್ ಹೇಲ್ ಸುಮ್ಮನೆ ಕೂತು ಆ ಕೆಟ್ಟ ಹೊಲಿಗೆಯನ್ನು ಬಿಚ್ಚಲು ಶುರುಮಾಡುತ್ತಾಳೆ. ಏನು ಮಾಡುತ್ತಿದ್ದೀರಿ ಎಂದು ಶೆರಿಫನ ಹೆಂಡತಿ ಗಾಬರಿಯಿಂದ ಕೇಳಿದರೆ, ಒಂದೆರಡು ಹೊಲಿಗೆ ಬಿಚ್ಚುತ್ತಿದ್ದೇನೆ ಅಷ್ಟೇ, ಹೊಲಿಗೆ ಸರಿಯಿಲ್ಲದಿದ್ದರೆ ನನಗೆ ತಡೆಯಲಾಗುವುದಿಲ್ಲ ಅನ್ನುತ್ತಾಳೆ.

ಈ ಗಳಿಗೆಯನ್ನು ಬಿಡಬೇಡಿ. ಕೊಲೆಯ ಹಿಂದಿನ ಮನಸ್ಸಿನ ಸ್ಥಿತಿಗೆ ಇದ್ದ ಸಾಕ್ಷಿಯನ್ನು ಅವಳು ಅಳಿಸುತ್ತಿದ್ದಾಳೆ. ಹಕ್ಕಿ ಸಿಗುವ ಮೊದಲೇ ಮಿಸೆಸ್ ಹೇಲ್ ತನ್ನ ಕಡೆ ಯಾವುದು ಎಂದು ತೀರ್ಮಾನಿಸಿದ್ದಾಳೆ. ಬಾಯಲ್ಲಿ ಹೇಳಿಲ್ಲ, ಸೂಜಿಯಲ್ಲಿ ಹೇಳಿದ್ದಾಳೆ.

ಗಂಡಸರು ಹೊರಡುವಾಗ ಹೆಂಡರ್ಸನ್ ತಮಾಷೆಗೆ ಮತ್ತೆ ಕೇಳುತ್ತಾನೆ, ಕೊನೆಗೆ ಅವಳು ಏನು ಮಾಡಲಿದ್ದಳು ಅಂತ. ಗಂಟು ಹಾಕಲಿದ್ದಳು ಎನ್ನುವುದು ಮಿಸೆಸ್ ಹೇಲ್‌ಳ ಉತ್ತರ. ಅಲ್ಲಿಗೆ ಪರದೆ. ಕೊಡಲಿ ಹಗ್ಗವಾದದ್ದು ಯಾಕೆ ಅನ್ನುವುದು ಈಗ ಕಾಣುತ್ತದೆ. ಮನೆಯಲ್ಲಿ ಬಂದೂಕು ಇತ್ತು ಎಂದು ನಾಟಕವೇ ಹೇಳುತ್ತದೆ. ಆದರೂ ಸತ್ತದ್ದು ಹಗ್ಗದಿಂದ. ಕೌದಿಗೆ ಗಂಟು ಹಾಕುವ ಕೈ, ಗಂಡನ ಕತ್ತಿಗೆ ಬಿದ್ದ ಗಂಟು, ಹಕ್ಕಿಯ ತಿರುಚಿದ ಕತ್ತು ಮೂರೂ ಒಂದೇ ಎಳೆಗೆ ಸೇರುತ್ತವೆ. ಕೊಡಲಿ ಇದ್ದಿದ್ದರೆ ಈ ಎಳೆ ಸಿಗುತ್ತಿರಲಿಲ್ಲ. ಆ ಉತ್ತರವನ್ನು ಗಂಡಸರು ಹೊಲಿಗೆಯ ಮಾತು ಎಂದು ಕೇಳಿಸಿಕೊಂಡು ಹೊರಡುತ್ತಾರೆ.

ಈಗ ನಿಮ್ಮ ಪಂಜರ. ‘ಪಂಜರ ಅಂದರೆ ಮದುವೆ’ ಎಂಬ ಸಮೀಕರಣವನ್ನು ನಾನು ಒಪ್ಪುವುದಿಲ್ಲ. ಪಂಜರದ ಬಾಗಿಲು ಮುರಿದಿದೆ, ಒಂದು ಬಿಜಾಗ್ರಿ ಕಿತ್ತುಬಂದಿದೆ. ಪಂಜರವೇ ಮದುವೆ ಆಗಿದ್ದರೆ, ಅದನ್ನು ಮುರಿದ ಗಂಡ ಹೆಂಡತಿಗೆ ಬಿಡುಗಡೆ ಕೊಟ್ಟ ಹಾಗಾಯಿತು. ನಾಟಕ ಹೇಳುವುದು ಅದಕ್ಕೆ ಪೂರಾ ಉಲ್ಟಾ. ಮಕ್ಕಳಿಲ್ಲದ, ನೆರೆಯವರು ಬಾರದ ಆ ಮನೆಯಲ್ಲಿ ಹಾಡು ಇದ್ದ ಜಾಗ ಪಂಜರ ಒಂದೇ. ಯಾರೋ ಅಗ್ಗಕ್ಕೆ ಕೆನರಿ ಹಕ್ಕಿಗಳನ್ನು ಮಾರುತ್ತ ಬಂದಿದ್ದ. ಹಕ್ಕಿಯನ್ನು ಕೊಂಡದ್ದು ಪ್ರೀತಿಯಿಂದ. ಹಾಗಾಗಿ ಕಿತ್ತ ಬಿಜಾಗ್ರಿ ಮೊದಲು ಜಾನ್ ರೈಟ್‌ನ ಕೈಯ ಗುರುತು. ಅವನು ಕುಡಿಯುತ್ತಿರಲಿಲ್ಲ, ಕೊಟ್ಟ ಮಾತಿಗೆ ತಪ್ಪುತ್ತಿರಲಿಲ್ಲ, ಸಾಲ ತೀರಿಸುತ್ತಿದ್ದ. ಊರ ಕಣ್ಣಿಗೆ ಒಳ್ಳೆಯವನೇ. ಅವನ ಇನ್ನೊಂದು ಮುಖಕ್ಕೆ ಆ ಮನೆಯಲ್ಲಿ ಉಳಿದ ಸಾಕ್ಷಿ ಈ ಬಿಜಾಗ್ರಿ.

ಮಿನ್ನಿಯನ್ನು ಹಕ್ಕಿಗೆ ಹೋಲಿಸುವುದು ಮಿಸೆಸ್ ಹೇಲ್. ಮದುವೆಗೆ ಮೊದಲು ಮಿನ್ನಿ ಫಾಸ್ಟರ್ ಚರ್ಚಿನ ಹಾಡುಗಾರರ ಗುಂಪಿನಲ್ಲಿ ಹಾಡುತ್ತಿದ್ದಳು ಎಂದು ಅವಳು ನೆನೆಯುತ್ತಾಳೆ. ಅಂದರೆ ಸಂಕೇತವನ್ನು ಪಾತ್ರವೇ ಬಾಯಿಬಿಟ್ಟು ಹೇಳಿಬಿಟ್ಟಿದೆ. ನಿರ್ದೇಶಕರು ಅದರ ಮೇಲೆ ಬಣ್ಣದ ಬೆಳಕು, ಹಕ್ಕಿಯ ದನಿಯ ರೆಕಾರ್ಡಿಂಗ್ ಹಾಕಬೇಕಿಲ್ಲ. ದಯವಿಟ್ಟು ಹಾಕಬೇಡಿ.

ಹಕ್ಕಿ ಸಿಗುವುದು ಹೇಗೆ ನೋಡಿ. ಮಿನ್ನಿಗೆ ಜೈಲಿನಲ್ಲಿ ಕೈಗೆ ಕೆಲಸವಿರಲಿ ಎಂದು ಕೌದಿಯ ತುಂಡುಗಳನ್ನು ಒಯ್ಯಲು ಯೋಚಿಸುತ್ತಾರೆ. ಬುಟ್ಟಿಯಲ್ಲಿ ಚೆಂದದ ಡಬ್ಬಿ ಕಾಣುತ್ತದೆ. ಕತ್ತರಿ ಇರಬಹುದು ಎಂದು ತೆಗೆಯುತ್ತಾರೆ. ರೇಷ್ಮೆಯಲ್ಲಿ ಸುತ್ತಿದ ಸತ್ತ ಹಕ್ಕಿ. ಮಾಸಿದ ಬಟ್ಟೆ ಉಟ್ಟವಳು ಹಕ್ಕಿಗೆ ರೇಷ್ಮೆ ಸುತ್ತಿದ್ದಾಳೆ. ಅದನ್ನು ಆ ಡಬ್ಬಿಯಲ್ಲೇ ಮಣ್ಣು ಮಾಡಬೇಕೆಂದಿದ್ದಳು. ಶೆರಿಫನ ಹೆಂಡತಿಗೆ ತನ್ನ ಬಾಲ್ಯ ನುಗ್ಗಿ ಬರುತ್ತದೆ. ಹುಡುಗನೊಬ್ಬ ಅವಳ ಬೆಕ್ಕಿನ ಮರಿಯನ್ನು ಕಣ್ಣೆದುರೇ ಕೊಂದಿದ್ದ. ಡಕೋಟಾದ ಒಂಟಿ ಮನೆಯಲ್ಲಿ ಎರಡು ವರ್ಷದ ಮಗು ತೀರಿಕೊಂಡ ಮೇಲಿನ ನಿಶ್ಶಬ್ದವೂ ಅವಳಿಗೆ ಗೊತ್ತು. ಕಾನೂನಿನ ಪರ ನಿಂತಿದ್ದವಳು ಬದಲಾಗುವುದು ಇಲ್ಲಿ. ಯಾವ ವಾದವೂ ಅವಳನ್ನು ಬದಲಾಯಿಸಿಲ್ಲ, ಕೈಯಲ್ಲಿದ್ದ ಒಂದು ಡಬ್ಬಿ ಬದಲಾಯಿಸಿತು.

ಟಿಪ್ಪಣಿಗಳಲ್ಲಿ ಬಿಟ್ಟುಹೋಗುವ ಒಂದು ವಸ್ತು ಟೆಲಿಫೋನು. ಅದು ರಂಗದ ಮೇಲೆ ಇಲ್ಲ, ಮಾತಿನಲ್ಲಿ ಮಾತ್ರ ಇದೆ. ಹೇಲ್ ಆ ಬೆಳಿಗ್ಗೆ ಬಂದದ್ದೇ ನೆರೆಮನೆಗಳಿಗೆಲ್ಲ ಒಂದೇ ತಂತಿ ಇರುವ ಫೋನಿಗೆ ಜಾನ್‌ನನ್ನು ಪಾಲಿಗೆ ಕರೆಯಲು. ಹಿಂದೊಮ್ಮೆ ಕೇಳಿದಾಗ ಜನ ಮಾತಾಡುವುದೇ ಜಾಸ್ತಿ, ನನಗೆ ಶಾಂತಿ ಸಾಕು ಅಂದಿದ್ದ. ಹೆಂಡತಿಯ ಮುಂದೆ ಕೇಳಿದರೆ ಒಪ್ಪಿಯಾನು ಎಂಬುದು ಹೇಲ್‌ನ ಲೆಕ್ಕ. ಹೆಂಡತಿಗೆ ಏನು ಬೇಕು ಅನ್ನುವುದು ಜಾನ್‌ಗೆ ಅಷ್ಟೇನೂ ಲೆಕ್ಕಕ್ಕಿರಲಿಲ್ಲ ಎಂದೂ ಅವನೇ ಸೇರಿಸುತ್ತಾನೆ. ಆ ಮನೆಗೆ ಫೋನು ಬಾರದೆ ಹೋದದ್ದೂ ಆ ಮದುವೆಯ ಕಥೆಯೇ, ಅಲ್ವಾ?

ಮೈಮ್ ಬೇಡ. ಸೆಟ್ ಕಡಿಮೆ ಮಾಡಿ, ಗೋಡೆ ಬಿಡಿ, ಕಿಟಕಿ ಬಿಡಿ. ಆದರೆ ಮೇಜು, ಒಲೆ, ಕಪಾಟು, ತೂಗುಕುರ್ಚಿ, ಬ್ರೆಡ್ಡು, ಬಾಟಲಿ, ಬುಟ್ಟಿ, ಪಂಜರ, ಡಬ್ಬಿ ನಿಜವಾಗಿ ಇರಲಿ. ಇದು ಹೆಂಗಸರು ಮುಟ್ಟಿ ತಿಳಿಯುವ ನಾಟಕ. ಅಡುಗೆಮನೆ ಸಾಮಾನು ಬಿಟ್ಟರೆ ಇಲ್ಲೇನಿಲ್ಲ ಎಂದು ಶೆರಿಫ್ ಹೇಳುವಾಗ ಅವು ಪ್ರೇಕ್ಷಕರ ಕಣ್ಣ ಮುಂದೆ ಇರಬೇಕು. ಹೊಲಿಗೆ ಬಿಚ್ಚುವ ತುಂಡಿಗೆ ತಿಳಿ ಬಣ್ಣದ ಬಟ್ಟೆ, ಗಾಢ ಬಣ್ಣದ ದಪ್ಪ ದಾರ ಬಳಸಿ. ದಾರ ಎಳೆದಾಗ ಹಿಂದಿನ ಸಾಲಿಗೂ ಕಾಣುತ್ತದೆ. ಮಿಸೆಸ್ ಹೇಲ್ ಪಾತ್ರಧಾರಿಗೆ ಹೊಲಿಗೆ ಬರದಿದ್ದರೆ ಕಲಿಸಿ.

ನಮ್ಮ ಹಳ್ಳಿಗೆ ತರುವ ಯೋಚನೆ ಕಷ್ಟದ್ದು. ಚೆರ್ರಿ ಬದಲು ಉಪ್ಪಿನಕಾಯಿ ಭರಣಿ ಇಟ್ಟರೆ ಆಯಿತು ಅನಿಸಬಹುದು. ಆದರೆ ಉಪ್ಪಿನಕಾಯಿ ಒಂದು ರಾತ್ರಿಗೆ ಹಾಳಾಗುವುದಿಲ್ಲ. ಮನೆಯೊಡತಿ ಇಲ್ಲದ ಒಂದೇ ರಾತ್ರಿಗೆ ವರ್ಷದ ಕೆಲಸ ಹೋಗಬೇಕು. ಮಾಳಿಗೆ ಮೇಲೆ ಒಣಹಾಕಿದ ಸಂಡಿಗೆ, ಹಪ್ಪಳದ ಮೇಲೆ ಅಕಾಲ ಮಳೆ ಸುರಿದರೆ ಹತ್ತಿರ ಬರುತ್ತದೆ. ಕೌದಿ ಮಾತ್ರ ಒಗ್ಗುವುದಿಲ್ಲ. ನಮ್ಮ ಉತ್ತರ ಕರ್ನಾಟಕದ ಕೌದಿಯಲ್ಲಿ ಮೈತುಂಬ ಸಾಲು ಹೊಲಿಗೆ ಹಾಕುತ್ತಾರೆ. ಹೊಲಿಗೆಯೋ ಗಂಟೋ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಆ ಪ್ರಶ್ನೆ ಹೋದರೆ ಕೊನೆಯ ಮಾತು ಹೋಯಿತು, ಹಗ್ಗದ ಎಳೆಯೂ ಹೋಯಿತು. ಹಾಗಾಗಿ ಅಮೆರಿಕದ ಆ ಚಳಿಯ ಮನೆಯಲ್ಲೇ ಬಿಡಿ, ಮಾತು ಮಾತ್ರ ನಮ್ಮದಾಗಿರಲಿ. ಹೊಲಿಗೆ, ಗಂಟು ಎರಡೂ ಬಗೆಯನ್ನು ಮೊದಲ ಸಲ ಮಾತು ಬಂದಾಗಲೇ ಕೈಯಲ್ಲಿ ಮಾಡಿ ತೋರಿಸಿದರೆ ನಮ್ಮ ಪ್ರೇಕ್ಷಕರಿಗೆ ಕೊನೆಯಲ್ಲಿ ತೊಡಕಾಗುವುದಿಲ್ಲ.

ಇನ್ನೊಂದು ವಿಷಯ. ಡಬ್ಬಿಯ ಅಳತೆ ಮೊದಲೇ ಗೊತ್ತುಮಾಡಿಕೊಳ್ಳಿ. ಕೊನೆಯಲ್ಲಿ ಶೆರಿಫನ ಹೆಂಡತಿ ಅದನ್ನು ತನ್ನ ಕೈಚೀಲಕ್ಕೆ ತುರುಕಲು ನೋಡುತ್ತಾಳೆ, ಅದು ಹಿಡಿಸುವುದಿಲ್ಲ. ಹಕ್ಕಿಯನ್ನು ಹೊರತೆಗೆಯಲು ಹೋಗುತ್ತಾಳೆ, ಮುಟ್ಟಲಾಗುವುದಿಲ್ಲ. ಬಾಗಿಲ ಸದ್ದಿಗೆ ಮಿಸೆಸ್ ಹೇಲ್ ಕಿತ್ತುಕೊಂಡು ತನ್ನ ಕೋಟಿನ ಜೇಬಿಗೆ ಹಾಕುತ್ತಾಳೆ. ಅದಾದ ಮೇಲೆ, ಹೆಂಡರ್ಸನ್ ಕೇಳಿದಾಗ ಅವಳ ಕೈ ಆ ಜೇಬಿನ ಮೇಲೇ ಇರುತ್ತದೆ. ಚೀಲಕ್ಕಿಂತ ಸ್ವಲ್ಪ ದೊಡ್ಡದು, ಜೇಬಿಗೆ ಸರಿಯಾದದ್ದು, ಅಂಥ ಡಬ್ಬಿ ಬೇಕು. ಚೀಲ, ಡಬ್ಬಿ, ಕೋಟು ಮೂರನ್ನೂ ಮೊದಲ ದಿನದ ರಿಹರ್ಸಲ್‌ಗೇ ತನ್ನಿ. ಪ್ರದರ್ಶನದ ಹಿಂದಿನ ದಿನ ತಂದರೆ ಆ ತಡಕಾಟ ನಟಿಯ ಕೈಗೆ ಕೂರುವುದಿಲ್ಲ.